ಮೌಸ್ ಹಿಡಿದವನೇ ಹೈಕಮಾಂಡ್

“ಈ ಎಡಬಣದೋರು ನನ್ ಮಾತೇ ಕೇಳ್ತಿಲ್ಲ ಮಾವ. ಒಬ್ಬೊಬ್ಬರನ್ನೂ ಹಿಡ್ಕೊಂಡು ಪಕ್ಷದಿಂದ ಆಚೆ ಹಾಕ್ಬೇಕು.”

ರಾತ್ರಿ ಹನ್ನೊಂದೂವರೆಗೆ ನನ್ನ ಸೋದರಳಿಯ ಹೀಗೆ ಹಲ್ಲು ಕಡಿಯುವುದನ್ನು ಕೇಳಿ, ಹುಡುಗ ಮನೆಯವರಿಗೆ ಹೇಳದೆ ಯಾವುದೋ ಪಕ್ಷ ಸೇರಿಬಿಟ್ಟನೇನೋ ಎಂದು ಗಾಬರಿಯಾಯಿತು. ಇಣುಕಿ ನೋಡಿದರೆ ಲ್ಯಾಪ್‌ಟಾಪಿನೊಳಗೆ 1929ನೇ ಇಸವಿ. ಊರು ಬರ್ಲಿನ್. ಬನಿಯನ್, ಲುಂಗಿಯಲ್ಲಿ ಕೂತಿದ್ದ ನಮ್ಮ ಹುಡುಗ ಜರ್ಮನಿಯ ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ ಪರಮೋಚ್ಚ ನಾಯಕ.

ಇದೇ ಹುಡುಗ ಭಾನುವಾರದ ಊಟಕ್ಕೆ ಕೂತಾಗ ನನಗೆ ಪಾಠ ಹೇಳುತ್ತಾನೆ: “ನಮ್ ದೇಶದ ಯಾವ ಪಕ್ಷದಲ್ಲೂ ಆಂತರಿಕ ಪ್ರಜಾಪ್ರಭುತ್ವ ಅನ್ನೋದೇ ಇಲ್ಲ ಮಾವ. ಟಿಕೆಟ್ಟಿಂದ ಹಿಡಿದು ಮಂತ್ರಿಗಿರಿವರೆಗೆ ಎಲ್ಲಾ ಮೇಲಿಂದ ಬರೋ ಚೀಟಿ.” ನಾನೂ ಹುಳಿಯಲ್ಲಿ ಅನ್ನ ಕಲಸುತ್ತ ಹೌದೌದು ಎಂದಿದ್ದೇನೆ. ಹೈಕಮಾಂಡ್ ಸಂಸ್ಕೃತಿಯನ್ನು ಬೈದು ನಾಲ್ಕಾರು ಲೇಖನ ಬರೆದು ಗೌರವಧನ ಎಣಿಸಿಕೊಂಡವನು ನಾನು.

ಆಟದ ಹೆಸರು ‘ಸೋಷಿಯಲ್ ಡೆಮಾಕ್ರಸಿ: ಆನ್ ಆಲ್ಟರ್ನೇಟ್ ಹಿಸ್ಟರಿ’. 2024ರಲ್ಲಿ ಬಂದದ್ದು, ಬ್ರೌಸರಿನಲ್ಲೇ ಬಿಟ್ಟಿಯಾಗಿ ಆಡಬಹುದು. ಗುಂಡು ಹಾರುವುದಿಲ್ಲ, ಕಾರು ಓಡುವುದಿಲ್ಲ, ಯಾರೂ ಯಾರನ್ನೂ ಬೆನ್ನಟ್ಟುವುದಿಲ್ಲ. ಇಸ್ಪೀಟಿನ ಎಲೆಗಳ ಹಾಗೆ ಕಾರ್ಡುಗಳು ಕೈಗೆ ಬರುತ್ತವೆ. ಪಕ್ಷದ ಬೊಕ್ಕಸ ನೋಡಿಕೊಳ್ಳಬೇಕು, ಕಾರ್ಮಿಕ ಸಂಘಗಳನ್ನು ಓಲೈಸಬೇಕು, ಮಿತ್ರಪಕ್ಷಗಳ ಮುನಿಸು ತಣಿಸಬೇಕು, ಬಣಗಳ ಗೊಣಗಾಟ ಕೇಳಿಸಿಕೊಳ್ಳಬೇಕು. ಶುರುವಾಗುವುದು 1928ರಲ್ಲಿ. ಹಿಟ್ಲರ್ ಗದ್ದುಗೆಯೇರದಂತೆ ಗಣರಾಜ್ಯವನ್ನು ಉಳಿಸಿಕೊಳ್ಳಬೇಕು.

ಶನಿವಾರ ಅಳಿಯನ ಮೂವರು ಗೆಳೆಯರು ನಮ್ಮ ಮನೆಗೆ ಬರುತ್ತಾರೆ. ನಾಲ್ವರೂ ಇದನ್ನು ಆಡಿ ಸೋತವರು, ಆದ್ದರಿಂದ ನಾಲ್ವರೂ ಪಂಡಿತರು. ಅವರ ಅಭಿಪ್ರಾಯಗಳನ್ನು ಕಾಫಿ ಲೋಟ ಒಯ್ದು ಕೊಡುತ್ತ ನಾನೇ ಕಿವಿಯಾರೆ ಕೇಳಿದ್ದೇನೆ.

ಮೊದಲನೆಯವನ ದೂರು ಮತದಾರರ ಮೇಲೆ. “ನಿರುದ್ಯೋಗಿಗಳಿಗೆ ಅಂತ ಇಷ್ಟೆಲ್ಲಾ ಮಾಡಿದೆ ಅಂಕಲ್, ಆದ್ರೂ ಅವರು ಕಮ್ಯುನಿಸ್ಟರ ಕಡೆ ಹೋದ್ರು. ಜನಕ್ಕೆ ಕೃತಜ್ಞತೆ ಇಲ್ಲ.” ಈ ಮಾತನ್ನು ನಾನು ಮೊದಲು ಕೇಳಿದ್ದು ಠೇವಣಿ ಕಳೆದುಕೊಂಡ ನಮ್ಮೂರ ಅಭ್ಯರ್ಥಿಯೊಬ್ಬರ ಬಾಯಲ್ಲಿ. ಆ ಮಟ್ಟಕ್ಕೆ ಬರಲು ಅವರಿಗೆ ಮೂವತ್ತು ವರ್ಷದ ರಾಜಕಾರಣ ಬೇಕಾಗಿತ್ತು. ಈ ಹುಡುಗನಿಗೆ ಎರಡು ಗಂಟೆ, ಒಂದು ಚಾರ್ಜರ್ ಸಾಕಾಯಿತು.

ಎರಡನೆಯವನ ದೂರು ‘ಸಹಿಸು’ ಎಂಬ ದಾರಿಯ ಮೇಲೆ. 1930ರ ಸೆಪ್ಟೆಂಬರ್ ಚುನಾವಣೆಯಲ್ಲಿ ಹಿಟ್ಲರನ ಪಕ್ಷ 12 ಸ್ಥಾನದಿಂದ ಒಂದೇ ನೆಗೆತಕ್ಕೆ 107ಕ್ಕೆ ಹೋಯಿತು. ಬೆಚ್ಚಿಬಿದ್ದ ಸೋಷಿಯಲ್ ಡೆಮಾಕ್ರಟರು ಚಾನ್ಸಲರ್ ಬ್ರೂನಿಂಗ್ ಸರ್ಕಾರವನ್ನು ಸೇರಲಿಲ್ಲ, ಹೊರಗಿಂದ ಬೀಳಿಸಲೂ ಇಲ್ಲ. ತುರ್ತು ಆಜ್ಞೆಯ ಮೇಲೆ ಆಜ್ಞೆ ಹೊರಡಿಸಿ ಆತ ಸಂಬಳ ಕತ್ತರಿಸಿದಾಗಲೂ ಸಹಿಸಿದರು. ಇದು ಬಿದ್ದರೆ ಬರುವುದು ಇದಕ್ಕಿಂತ ಕೆಟ್ಟದ್ದು ಎಂಬ ಭಯ. ಆಟದಲ್ಲೂ ಈ ದಾರಿ ಉಂಟು. “ಕೈ ಕಟ್ಕೊಂಡು ಕೂರೋದೂ ಒಂದು ಸ್ಟ್ರಾಟೆಜಿನಾ? ಬೋರಿಂಗ್,” ಎನ್ನುತ್ತಾನೆ ಇವನು. ಸೊಸೆ ತಂದುಕೊಟ್ಟ ಸಪ್ಪೆ ಸಾರನ್ನು ಆರು ವರ್ಷದಿಂದ ಸಹಿಸುತ್ತ ಬಂದಿರುವ ನಾನು ಏನೂ ಹೇಳಲಿಲ್ಲ.

ಮೂರನೆಯವನು, ಅಂದರೆ ನಮ್ಮ ಅಳಿಯ, ಬಣಗಳ ವೈರಿ. ಅವನ ಪಾಲಿಗೆ ಪಕ್ಷವೆಂದರೆ ತಾನು. ಉಳಿದವರು ತನ್ನ ಕೈಕಾಲು. ಕಾಲು ಎದ್ದುನಿಂತು “ನಾನು ಈ ಕಡೆ ಬರಲ್ಲ” ಎಂದರೆ ಸಿಟ್ಟು ಬರದೆ ಇರುತ್ತದೆಯೇ? ಅವನ ಸಿಟ್ಟಿನ ಮೂಲ ಒಂದು ಹಡಗು.

1928ರ ಮೇ ಚುನಾವಣೆಯಲ್ಲಿ ಸೋಷಿಯಲ್ ಡೆಮಾಕ್ರಟರು ಹಾಕಿದ ಕೂಗು, ಯುದ್ಧನೌಕೆ ಬೇಡ, ಮಕ್ಕಳಿಗೆ ಊಟ ಕೊಡಿ ಎಂಬುದು. ಜನ ಮೆಚ್ಚಿ 153 ಸ್ಥಾನ ಕೊಟ್ಟರು. ಹರ್ಮನ್ ಮ್ಯೂಲರ್ ಚಾನ್ಸಲರ್ ಆದರು. ಆಗಸ್ಟ್ ಬರುವಷ್ಟರಲ್ಲಿ, ಮಿತ್ರಪಕ್ಷಗಳು ಮುನಿಸಿಕೊಂಡಾವೆಂಬ ಭಯಕ್ಕೆ, ಅದೇ ಮ್ಯೂಲರ್ ಸಂಪುಟ ಹಡಗು ಕಟ್ಟಲು ಅಸ್ತು ಎಂದಿತು. ಕಾರ್ಯಕರ್ತರು ರೊಚ್ಚಿಗೆದ್ದರು. ನವೆಂಬರಿನಲ್ಲಿ ಪಕ್ಷವೇ ಹಡಗು ನಿಲ್ಲಿಸಿ ಎಂದು ಸಂಸತ್ತಿನಲ್ಲಿ ಗೊತ್ತುವಳಿ ತಂದಿತು, ಮಂತ್ರಿಗಳೂ ಅದರ ಪರವಾಗಿ ಕೈಯೆತ್ತಬೇಕೆಂದು ಕಟ್ಟಪ್ಪಣೆ ಮಾಡಿತು. ಹೀಗೆ ದೇಶದ ಚಾನ್ಸಲರ್ ತನ್ನ ಸಂಪುಟದ ತೀರ್ಮಾನದ ವಿರುದ್ಧ ತಾನೇ ಮತ ಹಾಕಿದ. ಗೊತ್ತುವಳಿ ಬಿತ್ತು, ಹಡಗು ಎದ್ದಿತು. 1931ರ ಮೇ ತಿಂಗಳಲ್ಲಿ ಕೀಲ್ ಬಂದರಿನಲ್ಲಿ ಅದನ್ನು ನೀರಿಗಿಳಿಸುವ ಸಮಾರಂಭ. ಚಾನ್ಸಲರ್ ಬ್ರೂನಿಂಗ್ ಭಾಷಣ ಇನ್ನೂ ಮುಗಿದಿರಲಿಲ್ಲ, ಹಡಗು ತಾನಾಗಿಯೇ ಜಾರಿಕೊಂಡು ನೀರಿಗೆ ಹೋಯಿತು. ಇಡೀ ಪ್ರಕರಣದಲ್ಲಿ ಯಾರ ಅಪ್ಪಣೆಗೂ ಕಾಯದೆ ತನ್ನ ಮನಸ್ಸಿಗೆ ಬಂದಂತೆ ನಡೆದುಕೊಂಡದ್ದು ಅದೊಂದೇ.

ಈ ಹಡಗು ಅಳಿಯನನ್ನು ಮೂರು ರಾತ್ರಿ ಮುಳುಗಿಸಿದೆ. ಒಪ್ಪಿದರೆ ಎಡಬಣ ಉರಿಯುತ್ತದೆ, ಬೇಡವೆಂದರೆ ಮಿತ್ರಪಕ್ಷಗಳು ಸಿಡಿಯುತ್ತವೆ. “ಇದು ಗೇಮಿನ ದೋಷ ಮಾವ. ಪಕ್ಷದ ಎಲ್ಲಾ ಬಣಗಳೂ ಬಾಯಿ ಮುಚ್ಕೊಂಡು ಒಂದೇ ಕಡೆ ಓಟು ಹಾಕೋ ಹಾಗೆ ಒಂದು ಬಟನ್ ಇರ್ಬೇಕಿತ್ತು.”

ಅವನನ್ನು ಆಡಿಕೊಳ್ಳುವುದು ಸುಲಭ ಎಂದುಕೊಂಡಿದ್ದೆ. “ನಿಮಗೆ ಇದು ಕಷ್ಟ ಆಗುತ್ತೆ, ಬೇರೆ ಕೊಡ್ತೀನಿ ತಗೊಳ್ಳಿ” ಎಂದು ಅವನು ಇನ್ನೊಂದು ಆಟ ತೆರೆದುಕೊಟ್ಟ ಮೇಲೆ ನನ್ನ ಮರ್ಯಾದೆಯೂ ಹೋಯಿತು.

ಅದು ‘ಡೆಮಾಕ್ರಸಿ 4’. ಇಂಗ್ಲೆಂಡಿನ ಕ್ಲಿಫ್ ಹ್ಯಾರಿಸ್ ಎಂಬವರು ಪಾಸಿಟೆಕ್ ಎಂಬ ಪುಟ್ಟ ಕಂಪನಿಯಿಂದ 2005ರಲ್ಲಿ ಶುರುಮಾಡಿದ ಸರಣಿಯ ನಾಲ್ಕನೇ ಕಂತು. ಪರದೆಯ ತುಂಬ ಗುಂಡು ಗುಂಡು ಚಿತ್ರಗಳು, ಒಂದೊಂದೂ ಒಂದೊಂದು ನೀತಿ. ಮೇಲೆ ಬೆರಳಿಟ್ಟರೆ ಹಸಿರು ಗೆರೆ, ಕೆಂಪು ಗೆರೆ ಹೊರಟು, ಯಾವುದು ಯಾರನ್ನು ಕೆರಳಿಸುತ್ತದೆ, ಯಾರನ್ನು ತಣಿಸುತ್ತದೆ ಎಂದು ತೋರಿಸುತ್ತವೆ. ಮತದಾರರು ಗುಂಪುಗಳಾಗಿದ್ದಾರೆ: ವಾಹನ ಸವಾರರು, ಬಡವರು, ಧರ್ಮಭೀರುಗಳು, ದೇಶಭಕ್ತರು, ನಿವೃತ್ತರು. ಒಬ್ಬನೇ ಮತದಾರ ಏಕಕಾಲಕ್ಕೆ ಹಲವು ಗುಂಪಿನಲ್ಲಿರಬಹುದು. ಬಡವನೂ ಹೌದು, ವಾಹನ ಸವಾರನೂ ಹೌದು. ಇದನ್ನು ಬರೆದವನು ಜನರನ್ನು ಬಲ್ಲವನೇ ಎಂದುಕೊಂಡೆ.

ನಾನು ಸಿದ್ಧಾಂತದ ಮನುಷ್ಯ. ಬಂದವನೇ ಪೆಟ್ರೋಲ್ ತೆರಿಗೆ ಏರಿಸಿದೆ, ಮದ್ಯದ ತೆರಿಗೆ ಏರಿಸಿದೆ, ಬಸ್ಸಿಗೆ ಸಬ್ಸಿಡಿ ಸುರಿದೆ. ಮೂರು ತಿಂಗಳಿಗೊಂದು ಸರದಿ. ಎರಡನೇ ಸರದಿಗೆ ಸವಾರರು ಕೆಂಪಾದರು, ಮೂರನೆಯದಕ್ಕೆ ಬಡವರು. ನಾಲ್ಕನೆಯದಕ್ಕೆ ಒಬ್ಬ ಮಂತ್ರಿಯ ನಿಷ್ಠೆ ಕುಸಿಯಿತು. ಮಂತ್ರಿಗಳು ಸುಮ್ಮನೆ ಅಲ್ಲ, ನನಗೆ ಬೇಕಾದ ‘ರಾಜಕೀಯ ಬಂಡವಾಳ’ ಹುಟ್ಟುವುದು ಅವರಿಂದಲೇ. ಆತ ಯಾಕೆ ಮುನಿದ, ಅವನ ಕ್ಷೇತ್ರದಲ್ಲಿ ಏನಾಗಿದೆ ಎಂದು ವಿಚಾರಿಸುವ ಯೋಚನೆಯೇ ನನಗೆ ಬರಲಿಲ್ಲ. ಕಿತ್ತುಹಾಕಿದೆ. ಎಷ್ಟು ಸಲೀಸು! ಒಂದು ಕ್ಲಿಕ್ಕು. ಆ ಕ್ಷಣ ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಬೊಕ್ಕಸ ಬರಿದಾಗುತ್ತಿತ್ತು. ಎಲ್ಲಿ ಕತ್ತರಿಸಲಿ ಎಂದು ಹುಡುಕಿದಾಗ ಕಣ್ಣಿಗೆ ಬಿದ್ದದ್ದು ಪಿಂಚಣಿ. ಭಾರೀ ಖರ್ಚು. ಹೇಗಿದ್ದರೂ ನಿವೃತ್ತರು ನನಗೆ ಮತ ಹಾಕುವ ಅಂದಾಜಿರಲಿಲ್ಲ. ಎಳೆದೆ ಕೆಳಗೆ. ಮರುದಿನ ಬೆಳಿಗ್ಗೆ ನಾನು ಬ್ಯಾಂಕಿಗೆ ಹೋಗಬೇಕಿತ್ತು, ನವೆಂಬರ್ ತಿಂಗಳು, ಬದುಕಿದ್ದೇನೆ ಎಂದು ರುಜುವಾತು ಮಾಡುವ ಸರತಿ. ಮುಂದೆ ನಿಂತ ಹಿರಿಯರೊಬ್ಬರ ಬೆರಳಚ್ಚನ್ನು ಯಂತ್ರ ಐದು ಸಲ ಒಪ್ಪಲಿಲ್ಲ. “ಸವೆದುಹೋಗಿದೆ ಸ್ವಾಮಿ” ಎಂದು ಬೆರಳನ್ನು ಪಂಚೆಗೆ ಒರೆಸಿ ಒರೆಸಿ ಇಡುತ್ತಿದ್ದರು. ಹಿಂದಿನ ರಾತ್ರಿ ಈ ಮನುಷ್ಯರ ಪಿಂಚಣಿಯನ್ನು ಕಾಲು ಭಾಗ ಕತ್ತರಿಸಿದವನು ಅವರ ಹಿಂದೆಯೇ ಚೀಲ ಹಿಡಿದು ನಿಂತಿದ್ದ. ನಾಚಿಕೆಯಾಯಿತೇ ಎಂದು ಕೇಳಬೇಡಿ. ಇವರದು ಎಷ್ಟು ಶೇಕಡಾ ಇದ್ದೀತು ಎಂದು ಮನಸ್ಸು ಲೆಕ್ಕ ಹಾಕುತ್ತಿತ್ತು.

ಇಂಥ ಆಟಗಳಲ್ಲಿ ನಿಜಕ್ಕೆ ದೂರವಾದದ್ದು ಯಾವುದು ಎಂಬುದು ಆಡುವವರ ಮೆಚ್ಚಿನ ಚರ್ಚೆ. ಶೇಕಡಾವಾರು ಲೆಕ್ಕ ಬಿಟ್ಟು ಜನರನ್ನು ಜನರಂತೆ ಮಾಡಲು ಹೊರಟವರೂ ಇದ್ದರು. ಲಂಡನ್ನಿನಲ್ಲಿ ಡೆಮಿಸ್ ಹಸಾಬಿಸ್ ಎಂಬ ತರುಣ ಎಲಿಕ್ಸರ್ ಸ್ಟುಡಿಯೋಸ್ ಕಟ್ಟಿ ‘ರಿಪಬ್ಲಿಕ್: ದಿ ರೆವಲ್ಯೂಷನ್’ ಆಟಕ್ಕೆ ಕೈಹಾಕಿದರು. ನೋವಿಸ್ಟ್ರಾನಾ ಎಂಬ ಕಲ್ಪಿತ ದೇಶದಲ್ಲಿ ಬಣ ಕಟ್ಟಿ ಸರ್ವಾಧಿಕಾರಿಯನ್ನು ಇಳಿಸುವ ಆಟ. ಮೊದಲು ಕೊಟ್ಟ ಮಾತು, ದೇಶದ ತುಂಬ ಹತ್ತು ಲಕ್ಷ ಪ್ರಜೆಗಳಿರುತ್ತಾರೆ ಎಂದು. 2003ರಲ್ಲಿ ಅಂಗಡಿಗೆ ಬಂದದ್ದು ಅದರ ಮೊಟಕು ರೂಪ. 2005ರಲ್ಲಿ ಕಂಪನಿ ಬಾಗಿಲು ಹಾಕಿತು. ಹಸಾಬಿಸ್ ರಾಜಕೀಯದ ಸಹವಾಸ ಬಿಟ್ಟು ಕೃತಕ ಬುದ್ಧಿಮತ್ತೆಗೆ ಹೋಗಿ, ಪ್ರೋಟೀನುಗಳು ಹೇಗೆ ಮಡಿಚಿಕೊಳ್ಳುತ್ತವೆ ಎಂಬ ಅರ್ಧ ಶತಮಾನದ ಒಗಟನ್ನು ಬಿಡಿಸಿ, 2024ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡರು. ಪ್ರೋಟೀನು ಪಾಪದ್ದು. ಅದು ಟಿಕೆಟ್ ಸಿಗಲಿಲ್ಲವೆಂದು ಬೇರೆ ಥರ ಮಡಿಚಿಕೊಳ್ಳುವುದಿಲ್ಲ.

ಅಳಿಯನ ಗೆಳೆಯರ ಪೈಕಿ ಉಳಿದವನು ಮಂಡ್ಯದ ಕಡೆಯವನು. ಅವನ ಟೀಕೆ ಚುಟುಕು: “ಈ ಆಟದಾಗೆ ಎಮ್ಮೆಲ್ಲೆಗಳು ರಾತ್ರಿ ಎಲ್ಲಿ ಮಲಗ್ತಾರೆ ಅನ್ನೋದೇ ಇಲ್ವಲ್ಲ ಸಾ. ರೆಸಾರ್ಟಿಲ್ಲ, ಬಸ್ಸಿಲ್ಲ. ಇದೆಂಥ ರಾಜಕೀಯ?”

ಅವನು ಹೇಳಿದ ಮೇಲೆ ಹೊಳೆಯಿತು. ಅಳಿಯ ಕೇಳಿದ ಬಟನ್ ನಮ್ಮ ದೇಶದಲ್ಲಿ 1985ರಿಂದಲೇ ಇದೆಯಲ್ಲ! 52ನೇ ತಿದ್ದುಪಡಿ, ಸಂವಿಧಾನದ ಹತ್ತನೇ ಅನುಸೂಚಿ. ಪಕ್ಷ ವಿಪ್ ಕೊಟ್ಟ ಮೇಲೆ ಅದನ್ನು ಮೀರಿ ಮತ ಹಾಕಿದ ಶಾಸಕನ ಸ್ಥಾನವೇ ಹೋದೀತು. ಪಕ್ಷದಿಂದ ಪಕ್ಷಕ್ಕೆ ಹಾರುವ ‘ಆಯಾರಾಂ ಗಯಾರಾಂ’ಗಳನ್ನು ಕಟ್ಟಿಹಾಕಲು ಹೆಣೆದ ಹಗ್ಗ ಅದು. ಅದರಲ್ಲಿ ಕಟ್ಟುಬಿದ್ದದ್ದು ಆಯಾರಾಮನೊಬ್ಬನೇ ಅಲ್ಲ, ಇದ್ದಲ್ಲೇ ಇದ್ದು ನನಗೆ ಈ ಹಡಗು ಬೇಡ ಎನ್ನುವ ಬಡಪಾಯಿಯೂ. ಮ್ಯೂಲರ್ ಒಂದು ದಿನ ಪಟ್ಟ ಪಾಡನ್ನು ನಾವು ಶಾಸನವನ್ನಾಗಿ ಮಾಡಿಕೊಂಡೆವು.

ಬಟನ್ ಇದ್ದಲ್ಲಿ ಅದನ್ನು ವಂಚಿಸುವ ದಾರಿಯೂ ಹುಟ್ಟುತ್ತದೆ. ಹುಡುಗರು ಅದಕ್ಕೆ ಚೀಟ್ ಕೋಡ್ ಎನ್ನುತ್ತಾರೆ. ವಿಪ್ ಮೀರುವುದೇಕೆ, ರಾಜೀನಾಮೆಯನ್ನೇ ಕೊಟ್ಟರಾಯಿತು! 2019ರ ಜುಲೈನಲ್ಲಿ ಕರ್ನಾಟಕದ ಮೈತ್ರಿ ಸರ್ಕಾರ 99ಕ್ಕೆ 105 ಮತಗಳಿಂದ ಉರುಳಿತು. 17 ಶಾಸಕರು ಅನರ್ಹರಾದರು. ಅನರ್ಹತೆ ಸರಿ, ಆದರೆ ಉಪಚುನಾವಣೆಗೆ ನಿಲ್ಲಬಹುದು ಎಂದು ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಡಿಸೆಂಬರಿನಲ್ಲಿ ಹಲವರು ಇನ್ನೊಂದು ಚಿಹ್ನೆಯಡಿ ಗೆದ್ದುಬಂದರು, ಆಮೇಲೆ ಮಂತ್ರಿಗಳೂ ಆದರು. ಆಟ ಬರೆಯುವವರಿಗೆ ಇಂಥದ್ದು ಹೊಳೆಯುವುದಿಲ್ಲ. ಹೊಳೆದು ಬರೆದರೂ ಆಡಿದವರು ‘ಇದು ಅತಿಯಾಯ್ತು’ ಎಂದು ಒಂದೇ ಒಂದು ಸ್ಟಾರ್ ಕೊಟ್ಟಾರು.

ಮೊನ್ನೆ ಅಳಿಯ ನಾಲ್ಕನೇ ಸಲ ಸೋತ. ಪಕ್ಷದ ಬಣಗಳನ್ನು ಶಪಿಸುತ್ತಿದ್ದವನಿಗೆ ಒಂದು ಮಾತು ಹೇಳಿದೆ: “ಆ ಕಾಲದ ಜರ್ಮನಿಯಲ್ಲಿ ನಿನಗೆ ಬೇಕಾದಂಥ ಪಕ್ಷವೂ ಒಂದಿತ್ತು ಕಣೋ. ನಾಯಕ ಹೇಳಿದ್ದೇ ನಿಯಮ. ಎದುರು ಮಾತಿಲ್ಲ, ಎಲ್ಲರದೂ ಒಂದೇ ಕೈ. ನೀನು ದಿನಾ ರಾತ್ರಿ ನಿದ್ದೆಗೆಟ್ಟು ಸೋಲಿಸೋಕೆ ನೋಡ್ತಿರೋದು ಅದನ್ನೇ ಅಲ್ವೇನೋ?”

ಅವನು ಮೌಸ್ ಬಿಟ್ಟು ನನ್ನ ಮುಖ ನೋಡಿದ.

ಗೊಣಗುವ ಬಣಗಳ ಆ ಪಕ್ಷದ ಕಡೆಯ ದಿನಗಳ ಕತೆಯನ್ನೂ ಹೇಳಿದೆ. 1933ರ ಮಾರ್ಚ್ 23. ಬರ್ಲಿನ್ನಿನ ಕ್ರೋಲ್ ಒಪೆರಾ ಭವನ. ಹಿಟ್ಲರನಿಗೆ ಸರ್ವಾಧಿಕಾರ ಕೊಡುವ ಮಸೂದೆ. ಒಳಗೂ ಹೊರಗೂ ಸಮವಸ್ತ್ರದ ಗೂಂಡಾಗಳು. ಕಮ್ಯುನಿಸ್ಟ್ ಸದಸ್ಯರನ್ನು ಒಳಗೆ ಬಿಟ್ಟೇ ಇರಲಿಲ್ಲ. ಸೋಷಿಯಲ್ ಡೆಮಾಕ್ರಟರಲ್ಲೂ ಹಲವರು ಅಷ್ಟರಲ್ಲಿ ಬಂದಿಗಳು, ಇಲ್ಲವೇ ತಲೆಮರೆಸಿಕೊಂಡವರು. ಓಟ್ಟೊ ವೆಲ್ಸ್ ಎದ್ದು ವಿರೋಧಿಸಿ ಮಾತಾಡಿದರು. ಮಸೂದೆಯ ಪರ 444, ವಿರುದ್ಧ 94. ಆ 94ರಲ್ಲಿ ಹಡಗಿಗಾಗಿ ಕಿತ್ತಾಡಿದ ಪಕ್ಷದವರನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ನಿರುದ್ಯೋಗ ವಿಮೆಯ ವಂತಿಗೆ ಕಾಲು ಶೇಕಡಾ ಏರಬೇಕೋ ಬೇಡವೋ ಎಂಬಲ್ಲಿಗೆ ಬಂದು ನಿಂತ ಜಗಳಕ್ಕೆ 1930ರಲ್ಲಿ ತಮ್ಮದೇ ಮೈತ್ರಿ ಸರ್ಕಾರ ಕಳೆದುಕೊಂಡವರೂ ಇವರೇ. ಜಗಳವಾಡಿ ಅಭ್ಯಾಸವಿದ್ದ ಬಾಯಿಗೆ ಮಾತ್ರ ಅವತ್ತು ‘ಇಲ್ಲ’ ಎನ್ನಲು ಬಂತು. ಮಾತು ಕೇಳುವವರೆಲ್ಲ 444ರಲ್ಲಿದ್ದರು.

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ನನ್ನ ಮಾತಿಗೆ ನಾನೇ ತಲೆದೂಗಿಕೊಂಡೆ. ಒಂದು ಒಳ್ಳೆಯ ಲೇಖನಕ್ಕೆ ಸಾಕಾಗುವಷ್ಟು ಸರಕಿತ್ತು. ಆಮೇಲೆ ಅಳಿಯ ನಿಟ್ಟುಸಿರು ಬಿಟ್ಟು ಹೊಸ ಆಟ ಒತ್ತಿದ. ಮತ್ತೆ 1928. ಮತ್ತೆ 153 ಸ್ಥಾನ. ನಾನೂ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಹಡಗು ಬಂದೇ ಬಂತು.

“ಏನ್ ಮಾಡ್ಲಿ ಮಾವ? ಕಾರ್ಯಕರ್ತರು ಆಗಲೇ ಕೂಗಾಡ್ತಿದಾರೆ.”

ನನ್ನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

“ಮೊದಲು ಹಡಗಿಗೆ ಸಹಿ ಹಾಕು,” ಎಂದೆ. “ಮಕ್ಕಳ ಊಟದ ವಿಷಯಕ್ಕೆ ಒಂದು ಸಮಿತಿ ಮಾಡು. ಕೂಗಾಡೋರನ್ನೇ ಅದರ ಸದಸ್ಯರನ್ನಾಗಿ ಮಾಡಿಬಿಡು.”