ಸಾನಮಾವಿನ ಥ್ರಿಲ್ಲರ್ ಕರ್ತೃ

ಗಡಿನಾಡಿನ ಲೇಖಕವರ್ಗಗಳಲ್ಲಿ ಥ್ರಿಲ್ಲರ್ ಮಾಲಿಕೆಯ ಕರ್ತೃವಿನದು ಪ್ರತ್ಯೇಕ ಜಾತಿ. ಹೊಸೂರಿನಿಂದ ರಾಯಕೋಟೆಗೆ ಹೋಗುವ ದಾರಿಯ ಸಾನಮಾವಿನಲ್ಲಿ ಈ ಜಾತಿಯವನೊಬ್ಬನನ್ನು ಕಲ್ಪಿಸಿಕೊಂಡರೆ, ಅವನ ಮಾಲಿಕೆಯ ಹತ್ತೂ ಸಂಪುಟಗಳ ಹೆಸರು ಗೊತ್ತಾಗಿರುತ್ತದೆ, ಕಪ್ಪು ಹಿನ್ನೆಲೆಯಲ್ಲಿ ಒಂಟಿ ಕಣ್ಣಿರುವ ಮುಖಪುಟವೂ ಸಿದ್ಧವಾಗಿರುತ್ತದೆ; ಬಾಕಿ ಉಳಿದಿರುವುದು ಬರೆಯುವುದೊಂದೇ.

ಅವನು ಆರಿಸಿಕೊಂಡದ್ದು ಸೈಕಲಾಜಿಕಲ್ ಥ್ರಿಲ್ಲರ್, ಅಂದರೆ ಕೊಂದವರು ಯಾರೆಂಬುದಕ್ಕಿಂತ ಕೊಂದವರ ತಲೆಯೊಳಗೆ ಏನು ನಡೆದಿತ್ತೆಂಬುದನ್ನು ಬೆನ್ನಟ್ಟುವ ಕಥಾಪ್ರಕಾರ. ನಾಯಕ ಅಸಾಧಾರಣ ಬುದ್ಧಿಯ ಅನಾಥ ಬಾಲಕ. 1837ರಿಂದ 1839ರವರೆಗೆ ಕಂತುಗಳಲ್ಲಿ ಬಂದ ಡಿಕನ್ಸ್‌ನ ‘ಆಲಿವರ್ ಟ್ವಿಸ್ಟ್’ನಿಂದ ಹಿಡಿದು, ಚದುರಂಗದ ಪ್ರತಿಭೆಯುಳ್ಳ ಅನಾಥೆಯನ್ನು ಚಿತ್ರಿಸಿದ ವಾಲ್ಟರ್ ಟೆವಿಸ್‌ನ 1983ರ ‘ದಿ ಕ್ವೀನ್ಸ್ ಗ್ಯಾಂಬಿಟ್’ವರೆಗೆ ಅನಾಥರು ಕಾದಂಬರಿಕಾರರಿಗೆ ಒದಗಿಬಂದಿದ್ದಾರೆ, ನಡುರಾತ್ರಿ ಹೊರಟ ಮಗುವನ್ನು ತಡೆದು ಕೇಳಲು ಹೆತ್ತವರಿಲ್ಲದಿದ್ದರೆ ಕಥೆಗೆ ಅಡ್ಡಿಯಿಲ್ಲವಷ್ಟೆ.

ತೊಡಕು ಶುರುವಾಗುವುದು ಕಥೆಯನ್ನು ಸ್ವಂತ ಊರಿನಲ್ಲಿ ಇರಿಸಿದಾಗ. ಉದ್ದನೆಯ ನೋಟುಪುಸ್ತಕದ ಮೊದಲ ಪುಟದಲ್ಲೇ ತಂದೆತಾಯಿಯರನ್ನು ಲಾರಿಯ ಅಡಿಗೆ ಹಾಕಿ, ಆ ಭಾಗವನ್ನು ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಭೀರ ದನಿಯಲ್ಲಿ ಓದಿದಾಗ, ಮುದ್ದೆ ತಿರುವುತ್ತಿದ್ದ ಅವ್ವ ತಲೆಯೆತ್ತದೆಯೇ, “ಅಲ್ಲಪ್ಪಾ, ಆ ಮಗೂಗೆ ಊಟ ಯಾರು ಹಾಕ್ತಾರೆ?” ಎಂದು ಕೇಳುತ್ತಾಳೆ. ಅಜ್ಜಿ ಹಾಕುತ್ತಾಳೆಂದರೆ ಕತ್ತಲು ತಿಳಿಯಾಗುತ್ತದೆ. ಆದ್ದರಿಂದ ಎರಡನೆಯ ಅಧ್ಯಾಯದಲ್ಲಿ ಅಜ್ಜಿ ಬಾವಿಗೆ ಬೀಳುತ್ತಾಳೆ. ಸೋದರಮಾವನಿಗೆ ಹಾವು, ಚಿಕ್ಕಮ್ಮನಿಗೆ ವಿಷಜ್ವರ, ತೆಲುಗಿನಲ್ಲಿ ಗದರಿ ಕನ್ನಡದಲ್ಲಿ ಮುದ್ದು ಮಾಡುವ ಪಕ್ಕದ ಮನೆಯಾಕೆಗೆ ಸಿಡಿಲು, ತಮಿಳು ಮೇಷ್ಟರಿಗೆ ವರ್ಗಾವಣೆ. ಹೀಗೆ ಒಬ್ಬ ಹುಡುಗನನ್ನು ಅನಾಥನಾಗಿ ಉಳಿಸುವ ಹೊಣೆ ಹೊತ್ತವನು, ಐದನೆಯ ಅಧ್ಯಾಯ ಮುಗಿಯುವುದರೊಳಗೆ ಅರ್ಧ ಊರನ್ನೇ ಖಾಲಿ ಮಾಡಿರುತ್ತಾನೆ. ಸತ್ತವರ ಪಟ್ಟಿಯಲ್ಲಿ ತಮ್ಮ ಹೋಲಿಕೆ ಕಂಡ ನೆಂಟರು ಮಾತು ಬಿಟ್ಟಿರುತ್ತಾರೆ.

ನಿಜವಾದ ಭಯಕ್ಕೆ ಅಲ್ಲಿ ಬರವಿಲ್ಲ. ಚಳಿಗಾಲದ ಹೊತ್ತಿಗೆ ಬನ್ನೇರುಘಟ್ಟದ ಕಡೆಯಿಂದ ತಳಿ, ಜವಳಗಿರಿ ಕಾಡುಗಳನ್ನು ಹಾದು ಬರುವ ಆನೆಹಿಂಡುಗಳು ಸಾನಮಾವಿನ ಮೀಸಲು ಕಾಡಿನಲ್ಲಿ ಬೀಡುಬಿಟ್ಟು, ಕೊಯ್ಲಿಗೆ ಬಂದ ರಾಗಿ ಹೊಲಗಳಿಗೆ ರಾತ್ರಿ ಇಳಿಯುತ್ತವೆ. ಊರವರು ನಿದ್ದೆಗೆಟ್ಟು ಪಟಾಕಿ ಸಿಡಿಸುತ್ತ ಕಾವಲಿರುವಾಗ, ಭಯದ ವರ್ಣನೆಗೆ ಏಕಾಗ್ರತೆ ಸಾಲದೆಂದು ಇವನು ಕಿಟಕಿ ಮುಚ್ಚಿಕೊಳ್ಳುತ್ತಾನೆ.

ನಾಲ್ಕನೆಯ ತರಗತಿಯವರೆಗಷ್ಟೇ ಓದಿದ್ದ ಎನ್. ನರಸಿಂಹಯ್ಯನವರು ಕನ್ನಡಕ್ಕೆ 500ಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಕೊಟ್ಟರು. ಅವರು ಸಂಪುಟಗಳ ಯೋಜನೆಗಿಂತ ಮುಂದಿನ ಪುಟವನ್ನು ಹೆಚ್ಚು ನಂಬಿದ್ದಿರಬೇಕು. ಮನುಷ್ಯರ ಮನಸ್ಸನ್ನು ಬಗೆಯಹೊರಟವನು ಮನೆಯವರ ಒಂದು ಪ್ರಶ್ನೆಗೆ ಹೆದರಿ ಪಾತ್ರಗಳನ್ನು ಕೊಲ್ಲುತ್ತ ಹೋದರೆ, ಹತ್ತನೆಯ ಸಂಪುಟಕ್ಕೆ ಪಾತ್ರಗಳಷ್ಟೇ ಅಲ್ಲ, ಓದುಗರೂ ಉಳಿಯುವುದಿಲ್ಲ.