ಬೇಡ ಅನ್ನುವ ವಿದ್ಯೆ

ವಿದೇಶಕ್ಕೆ ಹೊರಟವರಿಗೆ ಬುದ್ಧಿ ಹೇಳುವವರು ಬೇಕಾದಷ್ಟು ಜನ. ಜಪಾನಿನಲ್ಲಿ ಟಿಪ್ಸ್ ಕೊಡಬೇಡಿ, ಅಮೆರಿಕದಲ್ಲಿ ಕೊಡದೇ ಬರಬೇಡಿ. ಬೆಂಗಳೂರಿನಲ್ಲಿ ಪ್ರಶಾಂತಿ ಎಕ್ಸ್‌ಪ್ರೆಸ್ ಹತ್ತಿ ವಿಶಾಖಪಟ್ಟಣಕ್ಕೆ ಹೊರಟವನಿಗೆ ಮಾತ್ರ ಯಾರೂ ತುಟಿ ಬಿಚ್ಚುವುದಿಲ್ಲ. ಪಕ್ಕದ ರಾಜ್ಯ ತಾನೆ, ಏನು ಮಹಾ! 1933ರಲ್ಲಿ ಶುರುವಾದ ಆ ಬಂದರಿಗೆ ಬರುವ ಪರದೇಶದ ನಾವಿಕರು ಕಾಗದಪತ್ರ ತೋರಿಸಿ ಇಳಿದು, ಹೋಟೆಲಿನಲ್ಲಿ ತಿಂದು, ಹಡಗಿಗೆ ವಾಪಸಾಗುತ್ತಾರೆ. ನಾವೋ, ಬೀಗರ ಮನೆಗೆ ಹೋಗುತ್ತೇವೆ.

ಬೀಗರ ಮನೆಯ ಎಲೆಯಲ್ಲಿ ಮೊದಲು ಬಿಸಿ ಅನ್ನ, ಕಂದಿಪೊಡಿ, ತುಪ್ಪ. ಆಮೇಲೆ ಮುದ್ದಪಪ್ಪು, ಆವಕಾಯಿ, ಮತ್ತೆ ತುಪ್ಪ. ಆಮೇಲೆ ಪಲ್ಯ, ಗೋಂಗೂರ, ಪುಲುಸು. ನಮ್ಮ ಮೈಸೂರು ಕಡೆಯವರು ಕೂತ ತಕ್ಷಣ ಹುಡುಕುವ ಸಾರು ಅಲ್ಲಿ ಬರುವ ಹೊತ್ತಿಗೆ ಹೊಟ್ಟೆಯಲ್ಲಿ ಜಾಗವೇ ಇರುವುದಿಲ್ಲ. ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿದೆ. ನಮ್ಮೂರಿನಲ್ಲಾದರೆ ಬಡಿಸುವವರು ಮುಂದಿನ ಎಲೆಗೆ ಹೋಗುತ್ತಿದ್ದರು. ಅಲ್ಲಿ ಬೀಗಿತ್ತಿಯವರು, "ಮೊಹಮಾಟ ಪಡಕಂಡಿ ಅನ್ನಯ್ಯಗಾರೂ" ಎನ್ನುತ್ತ ಬೆರಳ ಸಂದಿನಿಂದಲೇ ತುಪ್ಪ ಬಿಟ್ಟರು. ಸಂಕೋಚ ಪಡಬೇಡಿ ಅಂತೆ! ಸಂಕೋಚಕ್ಕೂ ಅಜೀರ್ಣಕ್ಕೂ ಇರುವ ವ್ಯತ್ಯಾಸವನ್ನು ಆ ನಾಡು ಒಪ್ಪುವುದಿಲ್ಲ. ವಿಜಯವಾಡದ ನೆಂಟರು ಇನ್ನೂ ಒಂದು ಕೈ ಮೇಲು. ಇಂದ್ರಕೀಲಾದ್ರಿ ಹತ್ತಿ ಕನಕದುರ್ಗಮ್ಮನ ದರ್ಶನ ಮಾಡಿ ಬಂದವರು ದಣಿದಿರುತ್ತಾರೆಂದು ಎರಡು ಸಲ ಬಡಿಸುತ್ತಾರೆ.

ಬರಿಗೈಲಿ ಹೋಗಬಾರದು, ಇದು ಹಳೆಯ ಮರ್ಯಾದೆ. ನಮ್ಮ ಕೃಷ್ಣದೇವರಾಯ ಗಜಪತಿಯ ಮೇಲೆ ದಂಡೆತ್ತಿ ಹೋದವನು, 1516ರಲ್ಲಿ ರಾಣಿಯರ ಸಮೇತ ಸಿಂಹಾಚಲಕ್ಕೆ ಬಂದು ನರಸಿಂಹಸ್ವಾಮಿಗೆ ಒಡವೆ ಒಪ್ಪಿಸಿದ. ಶಾಸನ ಈಗಲೂ ಇದೆ. ಯುದ್ಧಕ್ಕೆ ಹೋದವನೇ ಹೀಗಿರುವಾಗ ಊಟಕ್ಕೆ ಹೋಗುವವರು ಒಂದು ಡಬ್ಬಿ ಮೈಸೂರು ಪಾಕಾದರೂ ಒಯ್ಯಬೇಡವೇ? ಆ ಸ್ವಾಮಿಯೂ ವರ್ಷವಿಡೀ ಗಂಧದೊಳಗೇ ಇದ್ದು, ಅಕ್ಷಯ ತದಿಗೆಯಂದು ಮಾತ್ರ ನಿಜರೂಪ ತೋರಿಸುತ್ತಾನೆ. ಅತಿಥಿಯ ನಿಜರೂಪ ಮೂರನೇ ಸಲದ ಅನ್ನಕ್ಕೇ ಬಯಲಾಗುತ್ತದೆ.

ಆದ್ದರಿಂದ ಆ ಕಡೆ ಹೋಗುವವರಲ್ಲಿ ಒಂದು ವಿನಂತಿ: ಬೆಳಗಿನ ಪೆಸರಟ್ಟು ಉಪ್ಪಿಟ್ಟಿಗೆ ಮನಸೋಲಬೇಡಿ, ಕೊನೆಯ ಗಟ್ಟಿ ಮೊಸರಿಗೆ ಜಾಗ ಉಳಿಸಿಕೊಳ್ಳಿ. ಮೊಸರು ಮುಟ್ಟದೆ ಎದ್ದವರನ್ನು ಅಲ್ಲಿ ಊಟ ಮಾಡಿದವರ ಲೆಕ್ಕಕ್ಕೇ ಹಿಡಿಯುವುದಿಲ್ಲ. ರಾತ್ರಿ ಮತ್ತೆ ಎಲೆ ಹಾಕುತ್ತಾರೆ.