ಗುತ್ತಿಗೆ ತರ್ಕಸಂಗ್ರಹ: ಅಭಾವ ಪ್ರಕರಣ

ಗ್ರಂಥಕ್ಕೆ ಮಂಗಳಾಚರಣೆ ಹೇಗೋ ಮಂಗಳೂರಿನಲ್ಲಿ ಮನೆಯ ಪಂಚಾಂಗದ, ಅಂದರೆ ತಳಪಾಯದ, ಕೆಲಸಕ್ಕೆ ಮುಂಗಡ ಹಾಗೆ. ಅದು ಸಂದಾಯವಾಗಿದೆ ಎಂದು ಭಾವಿಸಿ ವಿಷಯಕ್ಕೆ ಬರೋಣ. ಅನ್ನಂಭಟ್ಟರು ತಮ್ಮ ತರ್ಕಸಂಗ್ರಹದಲ್ಲಿ ಪದಾರ್ಥಗಳು ಏಳು ಎಂದು ಹೇಳಿ, ಏಳನೆಯದಾಗಿ ಅಭಾವವನ್ನು ಎಣಿಸಿದರು. ಇಲ್ಲದಿರುವುದೂ ಒಂದು ಪದಾರ್ಥವೇ ಎಂಬ ಈ ಮಾತಿನ ಮೇಲೆ ಪಂಡಿತರು ಶತಮಾನಗಟ್ಟಲೆ ಜಗಳವಾಡಿದರು. ಪ್ರಯೋಗದಿಂದ ಸಾಧಿಸಿ ತೋರಿಸಿದವರು ಮಾತ್ರ ಕರಾವಳಿಯ ಕಂಟ್ರಾಕ್ಟರರು. ಕೆಂಪುಕಲ್ಲು, ಹೊಯ್ಗೆ, ಸಿಮೆಂಟು, ಕಬ್ಬಿಣ ಇವೆಲ್ಲ ಬರೀ ಸಾಮಗ್ರಿ. ಮನೆ ಏಳುವುದು ಅಭಾವದ ಮೇಲೆ.

ಮೊದಲು ಲಕ್ಷಣ. ಕಂಟ್ರಾಕ್ಟರ್ ಎಂದರೆ ಯಾರು? ಲೋಕೋಪಯೋಗಿ ಇಲಾಖೆಯ ಪರವಾನಗಿ ಉಳ್ಳವನು ಎನ್ನೋಣವೆಂದರೆ, ಇಲಾಖೆ ಒಂದರಿಂದ ನಾಲ್ಕನೇ ದರ್ಜೆಯವರೆಗೆ ಮಾತ್ರ ಎಣಿಸುತ್ತದೆ. ಸಣ್ಣ ಮನೆ ಕಟ್ಟುವ ಎಷ್ಟೋ ಮಂದಿ ಆ ಲೆಕ್ಕದಲ್ಲೇ ಇಲ್ಲ. ಆದ್ದರಿಂದ ಅವ್ಯಾಪ್ತಿ ದೋಷ. ಹಳದಿ ಹೆಲ್ಮೆಟ್ ಧರಿಸಿದವನು ಎಂದರೆ, ಕಾಮಗಾರಿ ವೀಕ್ಷಣೆಗೆ ಬಂದ ಮಂತ್ರಿಗಳಿಗೂ ಅನ್ವಯಿಸಿ ಅತಿವ್ಯಾಪ್ತಿ. ಸೈಟಿನಲ್ಲಿ ಇರುವವನು ಎಂದರೆ ಯಾರಿಗೂ ಅನ್ವಯಿಸದೆ ಅಸಂಭವ. ಹೀಗಾಗಿ ಸಿದ್ಧಾಂತ: ಯಾವ ಹೊತ್ತಿಗೆ ಫೋನು ಮಾಡಿದರೂ ಪಂಪ್‌ವೆಲ್ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರುವವನೇ ಕಂಟ್ರಾಕ್ಟರ್.

ಅಭಾವ ನಾಲ್ಕು ವಿಧ. ಪ್ರಾಗಭಾವಕ್ಕೆ ಆದಿ ಇಲ್ಲ, ಅಂತ್ಯ ಉಂಟು. ಉದಾಹರಣೆ, ಮೇಸ್ತ್ರಿ. ಅವನು ಎಂದಿನಿಂದ ಬಂದಿಲ್ಲ ಎಂದು ಹೇಳಲಾಗದು. ಒಂದು ದಿನ ಬಂದೇ ಬರುತ್ತಾನೆ. ಆ ದಿನ ಹೊಯ್ಗೆ ಇರುವುದಿಲ್ಲ. “ನಾಳೆ ಲೋಡ್ ಬರ್ತದೆ ಮಾರಾಯ್ರೆ, ನೀವು ಟೆನ್ಶನ್ ಮಾಡ್ಬೇಡಿ” ಎಂಬ ವಾಕ್ಯ ಶಬ್ದಪ್ರಮಾಣವಾಗುತ್ತದೆಯೇ? ಆಪ್ತನ ಮಾತು ಪ್ರಮಾಣ ಎನ್ನುತ್ತದೆ ಶಾಸ್ತ್ರ. ಕಂಟ್ರಾಕ್ಟರ್ ಆಪ್ತನೋ ಅಲ್ಲವೋ ಎಂಬುದು ಎಷ್ಟನೇ ಕಂತು ಬಾಕಿ ಇದೆ ಎನ್ನುವುದರ ಮೇಲೆ ನಿಂತಿದೆ.

ಹೊಯ್ಗೆಯ ವಿಷಯ ಮಾತ್ರ ನಿಜಕ್ಕೂ ಗಹನ. ನೇತ್ರಾವತಿಯೂ ಫಲ್ಗುಣಿಯೂ ಊರಿನ ಎರಡು ಮಗ್ಗುಲಲ್ಲಿ ಹರಿದು ಅಳಿವೆಯಲ್ಲಿ ಸೇರುತ್ತವೆ. ಆದರೂ ಈ ಊರಿನವರು ಲಾರಿಯ ದಾರಿ ಕಾಯುತ್ತಾರೆ. 1991ರಲ್ಲಿ ಹೊರಟು 2011ರಲ್ಲೂ 2019ರಲ್ಲೂ ಹೊಸರೂಪ ತಳೆದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯ ವ್ಯಾಪ್ತಿಯಲ್ಲಿ ಮರಳುಗಾರಿಕೆ ನಿಷಿದ್ಧ. ದೋಣಿ ಸಂಚಾರಕ್ಕೆ ಅಡ್ಡವಾದ ದಿಬ್ಬವನ್ನು ಪರವಾನಗಿ ಪಡೆದು ತೆರವು ಮಾಡಬಹುದು. ಅಂದರೆ ಅದೇ ಹೊಯ್ಗೆಯನ್ನು ಮನೆಗೆಂದು ತೆಗೆದರೆ ಅಪರಾಧ, ದೋಣಿಗೆಂದು ತೆಗೆದರೆ ಸೇವೆ. ನಿಷ್ಕಾಮ ಕರ್ಮವನ್ನು ಇಷ್ಟು ಸ್ಪಷ್ಟವಾಗಿ ವಿವರಿಸಿದ ಗೆಜೆಟ್ ಬೇರೊಂದಿಲ್ಲ.

ಸರಕಾರಿ ಕೆಲಸ ಹಿಡಿದರೆ ಪಾತ್ರ ಬದಲು. ಕಾಯುವ ಸರದಿ ಕಂಟ್ರಾಕ್ಟರನದು. ಪಾರದರ್ಶಕತೆಗೆಂದು 1999ರ ಕಾಯಿದೆ ಇದೆ, ಟೆಂಡರ್ ಇದೆ, ಠೇವಣಿ ಇದೆ, ಅಳತೆ ಬರೆಯಲು ಎಂ.ಬಿ. ಪುಸ್ತಕವಿದೆ. ಬಿಲ್ಲಿನ ಅಭಾವಕ್ಕೆ ಆದಿ ಇಲ್ಲ ಎಂಬಲ್ಲಿ ಎಲ್ಲರದೂ ಒಮ್ಮತ. ಅಂತ್ಯ ಉಂಟೇ ಎಂಬಲ್ಲಿ ಮಾತ್ರ ಭಿನ್ನಾಭಿಪ್ರಾಯ.

ಪ್ರಧ್ವಂಸಾಭಾವ ಪ್ರಾಗಭಾವದ ತದ್ವಿರುದ್ಧ: ಆದಿ ಉಂಟು, ಅಂತ್ಯ ಇಲ್ಲ. ಕೊಟ್ಟ ಮುಂಗಡ ಈ ವರ್ಗಕ್ಕೆ ಸೇರುತ್ತದೆ. ಕಡಲ ಬದಿಯ ಕಬ್ಬಿಣವೂ ಸೇರುತ್ತದೆ, ಅದು ತಮಾಷೆಯಲ್ಲ. ಒಳ್ಳೆಯ ಕಾಂಕ್ರೀಟಿನ ಕ್ಷಾರಗುಣ ಸರಳಿನ ಮೇಲೆ ತೆಳುವಾದ ರಕ್ಷಾಪದರ ಕಟ್ಟುತ್ತದೆ. ಉಪ್ಪುಗಾಳಿಯ ಕ್ಲೋರೈಡ್ ಒಳಹೊಕ್ಕು ಅದನ್ನು ಒಡೆಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಕು. ಸಿಗದಿದ್ದರೆ ಕಾಂಕ್ರೀಟನ್ನೇ ಸೀಳಿಕೊಂಡು ಹೊರಬರುತ್ತದೆ. ಆದ್ದರಿಂದ ಐ.ಎಸ್. 456 ಎಂಬ ಸಂಹಿತೆ ಕರಾವಳಿಯ ಹವೆಗೆ ತೆರೆದ ಕಾಂಕ್ರೀಟಿಗೆ ಕನಿಷ್ಠ ಎಂ30 ದರ್ಜೆಯನ್ನೂ ಸರಳಿನ ಮೇಲೆ 45 ಮಿ.ಮೀ. ಹೊದಿಕೆಯನ್ನೂ ವಿಧಿಸಿದೆ. ಸೈಟಿನ ಸಂಪ್ರದಾಯ ಬೇರೆ. ಅಲ್ಲಿ ಕವರ್ ಬ್ಲಾಕಿನ ಸ್ಥಾನದಲ್ಲಿ ಜಲ್ಲಿಯ ಚೂರು ಇರುತ್ತದೆ. ಶ್ರುತಿಗೂ ಆಚಾರಕ್ಕೂ ವಿರೋಧ ಬಂದಾಗ ಶ್ರುತಿಯೇ ಪ್ರಬಲ ಎಂದು ಮೀಮಾಂಸಕರು ಹೇಳಿದ್ದಾರೆ. ಮೇಸ್ತ್ರಿ ಮೀಮಾಂಸೆ ಓದಿಲ್ಲ.

ಅನ್ಯೋನ್ಯಾಭಾವಕ್ಕೆ ಗಡಿಗೆ ಬಟ್ಟೆಯಲ್ಲ, ಬಟ್ಟೆ ಗಡಿಗೆಯಲ್ಲ ಎಂಬುದು ಹಳೆಯ ನಿದರ್ಶನ. ನಮ್ಮದು: ಪಾಲಿಕೆಯ ಕಡತದಲ್ಲಿರುವ ನಕ್ಷೆ ಮನೆಯಲ್ಲ, ನಿಂತಿರುವ ಮನೆ ನಕ್ಷೆಯಲ್ಲ. ಎರಡರ ಭೇದ ಡೋರ್ ನಂಬರ್ ಕೇಳುವ ದಿನ ಪ್ರತ್ಯಕ್ಷವಾಗುತ್ತದೆ.

ಇಲ್ಲಿ ಪೂರ್ವಪಕ್ಷಿ ಕೇಳಬಹುದು: ಎಲ್ಲ ತಪ್ಪೂ ಕಂಟ್ರಾಕ್ಟರನದೇ? ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿಯುವ ಊರಿನಲ್ಲಿ ಮಳೆಗೆ ಪಾಲಿಲ್ಲವೇ? ಉಂಟು. ಮಳೆ ಸೆಂಟ್ರಿಂಗನ್ನು ನಿಲ್ಲಿಸುತ್ತದೆ, ಸಾರಣೆಯನ್ನು ತೊಳೆಯುತ್ತದೆ, ಕ್ಯೂರಿಂಗನ್ನು ಪುಕ್ಕಟೆ ಮಾಡಿಕೊಡುತ್ತದೆ. ಆದರೆ ಇದೇ ಮಳೆಗೆ ಬಾಸೆಲ್ ಮಿಷನ್ನಿನವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದು ಉತ್ತರ ಕೊಟ್ಟಿದ್ದರು. ಆ ಹಂಚನ್ನು ಹಳೆಯ ಕಾಲದ್ದೆಂದು ಇಳಿಸಿದೆವು, ತಾರಸಿ ಹಾಕಿಸಿದೆವು, ತಾರಸಿ ಸೋರಿತು, ಅದರ ಮೇಲೆ ಶೀಟಿನ ಮಾಡು ಹೊದಿಸಿದೆವು. ಎರಡು ಮಾಡಿಗೂ ಬಿಲ್ಲು ಮಾಡಿದವನು ಒಬ್ಬನೇ.

ಅತ್ಯಂತಾಭಾವ ಎಂದರೆ ಮೂರು ಕಾಲದಲ್ಲೂ ಇಲ್ಲದಿರುವುದು. ಒಪ್ಪಂದಪತ್ರದಲ್ಲಿ ಬರೆದ ದಿನಾಂಕಕ್ಕೆ ಗೃಹಪ್ರವೇಶ.

ಇನ್ನು ಫಲಶ್ರುತಿ. ಪತ್ತನಾಜೆ ತುಳುವರ ಬೇಶ ತಿಂಗಳ ಹತ್ತನೆಯ ದಿನ, ಹೆಚ್ಚುಕಡಿಮೆ ಮೇ 24. ಕೋಲ, ಯಕ್ಷಗಾನದ ಆಟಗಳೆಲ್ಲ ಅಂದಿಗೆ ಗೆಜ್ಜೆ ಬಿಚ್ಚಿಡುತ್ತವೆ. ಮನೆ ಕಟ್ಟಿಸುವ ಮಹನೀಯರು ಸ್ಲ್ಯಾಬನ್ನು ಅದಕ್ಕೆ ಮೊದಲೇ ಹಾಕಿಸಿಕೊಳ್ಳಿ. ಹಾಕುವ ಮುಂಚೆ ಸ್ಕೇಲು ಹಿಡಿದು ಕವರ್ ಬ್ಲಾಕ್ ಅಳೆಯಿರಿ, ಮತ್ತು ಕೊನೆಯ ಕಂತನ್ನು ಒಂದು ಮಳೆಗಾಲ ದಾಟುವವರೆಗೆ ಕೈಯಲ್ಲೇ ಇಟ್ಟುಕೊಳ್ಳಿ.